ಆನ್ ಆದ ಮೊದಲ ನಿಮಿಷ

ಈ ಬಾರಿಯ ಪ್ರಶ್ನೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಒಂದು ತಮಾಷೆ ಕಂಡಿತು. ಐದು ಜನ ಬರೆದದ್ದು ಬೇರೆ ಬೇರೆ ತೊಂದರೆ. ಬೇರು ಮಾತ್ರ ಒಂದೇ: ಆಗಷ್ಟೇ ಆನ್ ಆದ ಕಂಪ್ಯೂಟರಿಗೆ ಯಾರೂ ಊಹಿಸಲಾಗದ ಒಂದು ಸಂಖ್ಯೆ ಬೇಕು ಅಂದರೆ, ಅದು ಎಲ್ಲಿಂದ ತರಬೇಕು? ಹಾಗಾಗಿ ಅಂಕಣ ಪೂರ್ತಿ ಇವರಿಗೇ. ಪ್ರಿಂಟರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಹತ್ತಿರ ಒಂದು ಹಳೇ ಸಿಂಗಲ್ ಬೋರ್ಡ್ ಕಂಪ್ಯೂಟರ್ ಇದೆ. ಲಿನಕ್ಸ್ 4.19 ಕರ್ನೆಲ್ (ಸಿಸ್ಟಂನ ತಿರುಳು). ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಆನ್ ಮಾಡಿದ ಮೇಲೆ ಎರಡು ಮೂರು ನಿಮಿಷ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಒಳಹೋಗುವ ದಾರಿ) ಒಳಗೆ ಬಿಡುವುದೇ ಇಲ್ಲ. ಏನಾಗಿದೆ ನೋಡೋಣ ಅಂತ ಕೀಬೋರ್ಡ್ ಸಿಕ್ಕಿಸಿ ಸುಮ್ನೆ ಒಂದಷ್ಟು ಕೀ ಒತ್ತಿದೆ. ತಕ್ಷಣ ಒಳಗೆ ಬಿಟ್ಟಿತು! ಕೀಬೋರ್ಡ್ ತೆಗೆದರೆ ಮತ್ತೆ ಅದೇ ಕಥೆ. ಇದೇನು ಭೂತಚೇಷ್ಟೆಯಾ?

ಉತ್ತರ: ಭೂತವೂ ಅಲ್ಲ, ಚೇಷ್ಟೆಯೂ ಅಲ್ಲ. ನಿಮ್ಮ ಬೋರ್ಡ್ ಯಾರಾದರೂ ಬಂದು ಮುಟ್ಟಲಿ ಅಂತ ಕಾಯುತ್ತಾ ಕೂತಿದೆ.

ಎಸ್‌ಎಸ್‌ಎಚ್ ಶುರುವಾಗಬೇಕಾದರೆ ಗುಟ್ಟಿನ ಸಂಖ್ಯೆಗಳು ಬೇಕು. ಕೊಡುವುದು ಕರ್ನೆಲ್ ಒಳಗಿನ ರ‍್ಯಾಂಡಮ್ ನಂಬರ್ ಜನರೇಟರ್. ಹೆಸರು ರ‍್ಯಾಂಡಮ್ ಅಂತ ಇದ್ದರೂ ಅದು ಮಾಡುವುದು ಪಕ್ಕಾ ಲೆಕ್ಕ. 2016ರಿಂದ ಈಚೆಗೆ ಲಿನಕ್ಸ್ ಬಳಸುವ ಲೆಕ್ಕದ ಹೆಸರು ಚಾಚಾ20. ಲೆಕ್ಕ ಎಷ್ಟೇ ಒಳ್ಳೆಯದಿರಲಿ, ಒಳಗೆ ಹಾಕಿದ್ದು ಒಂದೇ ಆದರೆ ಹೊರಗೆ ಬರುವುದೂ ಒಂದೇ. ಹೊಸ ಇಸ್ಪೀಟ್ ಕಟ್ಟು ನೆನೆಸಿಕೊಳ್ಳಿ. ಇಬ್ಬರು ಎರಡು ಹೊಸ ಕಟ್ಟು ಬಿಚ್ಚಿ, ಒಂದೇ ರೀತಿ, ಅಷ್ಟೇ ಸಲ ಕಲೆಸಿದರೆ ಇಬ್ಬರ ಕೈಯಲ್ಲೂ ಎಲೆಗಳ ಸಾಲು ಒಂದೇ ಇರುತ್ತದೆ. ನೂರು ಸಲ ಕಲೆಸಿದರೂ ಅಷ್ಟೇ. ಕಲೆಸುವ ಮೊದಲು ಯಾರಿಗೂ ಗೊತ್ತಿಲ್ಲದ ಹಾಗೆ ಏನಾದರೂ ಏರುಪೇರು ಆಗಿರಬೇಕು. ಆ ಮೊದಲ ಏರುಪೇರಿಗೇ ಸೀಡ್ ಅನ್ನುವುದು.

ಆನ್ ಆದ ಕಂಪ್ಯೂಟರಿಗೆ ಆ ಏರುಪೇರು ಎಲ್ಲಿಂದ ಬರಬೇಕು ಹೇಳಿ. ಮೆಮೊರಿ ಖಾಲಿ. ಪ್ರತಿ ಸಲ ಅದೇ ಡಿಸ್ಕಿನಿಂದ ಅದೇ ಫೈಲುಗಳು, ಅದೇ ಕ್ರಮದಲ್ಲಿ. ನಿಮ್ಮದರಂಥ ಎಷ್ಟೋ ಬೋರ್ಡುಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಕೂಡ ಇರುವುದಿಲ್ಲ. ಪ್ರತಿ ಸಲ ಎದ್ದಾಗಲೂ ಅದಕ್ಕೆ 1970ರ ಜನವರಿ 1. ಇನ್ನು ಉಳಿಯುವುದು ಹೊರಗಿನಿಂದ ಬರುವ ತಟ್ಟುಗಳು: ಡಿಸ್ಕ್ ಉತ್ತರ ಕೊಟ್ಟ ಗಳಿಗೆ, ನೆಟ್‌ವರ್ಕ್ ಪ್ಯಾಕೆಟ್ ಬಂದ ಗಳಿಗೆ, ನೀವು ಕೀ ಒತ್ತಿದ ಗಳಿಗೆ. ಇವಕ್ಕೆ ಇಂಟರಪ್ಟ್ ಅನ್ನುತ್ತಾರೆ. ಪ್ರತಿ ಇಂಟರಪ್ಟ್ ಬಂದಾಗಲೂ ಕರ್ನೆಲ್ ಪ್ರೊಸೆಸರಿನ ಕೌಂಟರ್ ನೋಡಿ, ಆ ಅಂಕಿಯನ್ನು ಇಂಥವನ್ನೆಲ್ಲ ಕೂಡಿಹಾಕುವ ಒಂದು ಪೂಲ್‌ನಲ್ಲಿ ಕಲೆಸುತ್ತದೆ. ನೀವು ಕೀ ಒತ್ತಿದ್ದು ಸೆಕೆಂಡಿನ ಕೋಟಿಯ ಯಾವ ಪಾಲಿನಲ್ಲಿ ಅಂತ ನಿಮಗೇ ಗೊತ್ತಿಲ್ಲ, ಅಲ್ವಾ? ಅದೇ ಅದಕ್ಕೆ ಬೇಕಾದದ್ದು. ನಿಮ್ಮ ಕರ್ನೆಲ್ ಹೀಗೆ 128 ಬಿಟ್‌ನಷ್ಟು ಊಹಿಸಲಾಗದ ಅಂಶ (ಎಂಟ್ರೋಪಿ) ಕೂಡಿಬಂತು ಅಂತ ಲೆಕ್ಕ ಹಾಕಿದ ಮೇಲೆಯೇ ಬಾಗಿಲು ತೆರೆಯುತ್ತದೆ. ಈಗಿನ ಕರ್ನೆಲ್‌ಗಳಲ್ಲಿ ಅದು 256.

ಮುಂಚೆ ಹೀಗೆ ಕಾಯುತ್ತಿರಲಿಲ್ಲವಲ್ಲ ಅಂತ ನೀವು ಕೇಳಬಹುದು. ಹೌದು. ಜನರೇಟರ್ ಪೂರ್ತಿ ಸಿದ್ಧವಾಗುವ ಮೊದಲೇ ಕರ್ನೆಲ್ 'ಸಿದ್ಧ' ಅಂದುಬಿಡುತ್ತಿದೆ ಅನ್ನುವುದು 2018ರಲ್ಲಿ ಪತ್ತೆಯಾಯಿತು. ಅದನ್ನು ಸರಿ ಮಾಡಿದರು. ಸರಿ ಮಾಡಿದ ಮೇಲೆ ಕಾಯುವ ಹೊತ್ತು ಎಲ್ಲರ ಕಣ್ಣಿಗೂ ಬಿತ್ತು.

ಇದರ ಮುಂದಿನ ವರ್ಷದ್ದು ನನಗೆ ಬಹಳ ಇಷ್ಟವಾದ ಪ್ರಸಂಗ. 2019ರಲ್ಲಿ ಎಕ್ಸ್ಟ್4 ಫೈಲ್ ಸಿಸ್ಟಂನವರು ಡಿಸ್ಕ್ ಓದುವುದನ್ನು ಚುರುಕು ಮಾಡಿದರು. ಡಿಸ್ಕಿಗೆ ಹೋಗಿಬರುವುದು ಕಮ್ಮಿಯಾಯಿತು. ಹಾಗಾಗಿ ಇಂಟರಪ್ಟ್ ಕಮ್ಮಿಯಾಯಿತು. ಹಾಗಾಗಿ ಪೂಲ್ ತುಂಬಲಿಲ್ಲ. ಒಬ್ಬ ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಪರದೆಯೇ ಬರದೆ ನಿಂತಿತು! ಕೆಲಸ ಬೇಗ ಮುಗಿಸಿದ್ದಕ್ಕೆ ಸಿಕ್ಕ ಶಿಕ್ಷೆ. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಕರ್ನೆಲ್ 5.3 ಬಿಡುಗಡೆಗೆ ಮೊದಲು ಆ ಒಳ್ಳೆಯ ಬದಲಾವಣೆಯನ್ನೇ ವಾಪಸ್ ತೆಗೆದರು. ಆಮೇಲೆ 5.4ರಲ್ಲಿ ಬೇರೆ ದಾರಿ ಹಿಡಿದರು. ಯಾರಾದರೂ ಬಾಗಿಲಲ್ಲಿ ಕಾಯುತ್ತಿದ್ದರೆ ಕರ್ನೆಲ್ ತಾನೇ ಒಂದು ಟೈಮರ್ ಹಾಕಿಕೊಂಡು ಗಿರಗಿರ ಸುತ್ತುತ್ತದೆ. ಪ್ರತಿ ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದರ ಸಣ್ಣ ಸಣ್ಣ ವ್ಯತ್ಯಾಸಗಳನ್ನೇ ಕೂಡಿಹಾಕುತ್ತದೆ. ಮಾಮೂಲಿ ಪಿಸಿಯಲ್ಲಿ ಇದು ಕ್ಷಣದಲ್ಲಿ ಮುಗಿಯುವ ಕೆಲಸ.

ಹಾಗಾಗಿ ನಿಮಗೆ ನನ್ನ ಮೊದಲ ಸಲಹೆ ಹೊಸ ಕರ್ನೆಲ್. ಆದರೆ ಒಂದು ಮಾತು. ಈ ಸುತ್ತಾಟಕ್ಕೆ ಪ್ರೊಸೆಸರಿನಲ್ಲಿ ವೇಗವಾಗಿ ಓಡುವ ಕೌಂಟರ್ ಬೇಕು. ಕೆಲವು ಹಳೇ ಚಿಪ್‌ಗಳಲ್ಲಿ ಅದಿಲ್ಲ. ಇಲ್ಲದಿದ್ದರೆ ಕರ್ನೆಲ್ ಪ್ರಯತ್ನವನ್ನೇ ಮಾಡುವುದಿಲ್ಲ. ಆಗ ಬೋರ್ಡ್‌ನಲ್ಲಿ ಹಾರ್ಡ್‌ವೇರ್ ಜನರೇಟರ್ ಇದೆಯಾ ನೋಡಿ. ಎಷ್ಟೋ ಸಲ ಚಿಪ್ ಒಳಗೆ ಅದು ಇರುತ್ತದೆ, ಡ್ರೈವರ್ ಮಾತ್ರ ಲೋಡ್ ಆಗಿರುವುದಿಲ್ಲ.

ಇನ್ನೊಂದು ವಿಷಯವನ್ನೂ ಬರೆದಿದ್ದೀರಿ. ಹಿಂದಿನ ಸಲ ಡಿಸ್ಕಿನಲ್ಲಿ ಎತ್ತಿಟ್ಟ ಸೀಡ್‌ಗೆ ಸೀಡ್ ಫೈಲ್ ಅನ್ನುತ್ತಾರೆ, ಜನರೇಟರಿಗೆ ಇರುವ ಫೈಲ್ ರೂಪದ ಬಾಗಿಲಿಗೆ ಡೆವ್ ಯುರ‍್ಯಾಂಡಮ್. ಯಾರೋ ನಿಮಗೆ 'ಹಳೇ ಸೀಡ್ ಫೈಲನ್ನು ಡೆವ್ ಯುರ‍್ಯಾಂಡಮ್‌ಗೆ ಬರೆದುಬಿಡಿ' ಅಂದರಂತೆ, ಮಾಡಿದರೂ ಕಾಯುವುದು ತಪ್ಪಲಿಲ್ಲವಂತೆ. ತಪ್ಪುವುದಿಲ್ಲ. ಹಾಗೆ ಬರೆದದ್ದನ್ನು ಕರ್ನೆಲ್ ಪೂಲ್‌ಗೆ ಕಲೆಸಿಕೊಳ್ಳುತ್ತದೆ, ಲೆಕ್ಕಕ್ಕೆ ಮಾತ್ರ ಹಿಡಿಯುವುದಿಲ್ಲ. ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದಾದ ಜಾಗ ಅದು. ನಂಬಿ ಲೆಕ್ಕಕ್ಕೆ ಸೇರಿಸುವುದು ಹೇಗೆ? ಸೇರಿಸಬೇಕಾದರೆ ರೂಟ್ (ಯಂತ್ರದ ಒಡೆಯನ) ಅಧಿಕಾರದಿಂದ ಬೇರೆ ಕರೆಯ ಮೂಲಕ ಹೇಳಬೇಕು. ಹಾಗೆ ಹೇಳುವ ಮೊದಲು ಮುಂದಿನ ಉತ್ತರ ಓದಿ.

ಪ್ರಶ್ನೆ: ನಾವು ಒಂದೇ ಮೆಮೊರಿ ಕಾರ್ಡ್ ಇಮೇಜ್‌ನಿಂದ ಅರವತ್ತು ಸಾಧನ ತಯಾರಿಸುತ್ತಿದ್ದೇವೆ. ಬೂಟ್ ಬೇಗ ಆಗಲಿ ಅಂತ ಒಳ್ಳೆಯ ಸೀಡ್ ಫೈಲ್ ಒಂದನ್ನು ಇಮೇಜ್ ಒಳಗೇ ಇಟ್ಟರೆ ಆಗದೇ?

ಉತ್ತರ: ದಯವಿಟ್ಟು ಬೇಡ. ನಾನು ಇದನ್ನು ಮಾಡಿ ಕೈ ಸುಟ್ಟುಕೊಂಡವನು.

ವರ್ಷಗಳ ಹಿಂದೆ ಒಂದು ಕಡೆ ಕೆಲಸಕ್ಕಿದ್ದಾಗ ನಲವತ್ತು ಚಿಕ್ಕ ಪೆಟ್ಟಿಗೆಗಳನ್ನು ಸಿದ್ಧ ಮಾಡುವುದು ನನ್ನ ಪಾಲಿಗೆ ಬಂತು. ಮೊದಲ ಕಾರ್ಡ್ ತಯಾರಿಸಿದೆ. ಸರಿಯಿದೆಯಾ ನೋಡೋಣ ಅಂತ ಒಂದೇ ಒಂದು ಸಲ ಬೂಟ್ ಮಾಡಿದೆ. ಚೆನ್ನಾಗಿ ಎದ್ದಿತು. ಖುಷಿಯಾಗಿ ಅದನ್ನೇ ನಲವತ್ತು ಕಾರ್ಡಿಗೆ ನಕಲು ಹೊಡೆದೆ. ತಿಂಗಳಾನುಗಟ್ಟಲೆ ಎಲ್ಲ ಸರಿಯೇ ಇತ್ತು. ಒಂದು ದಿನ ಕೆಟ್ಟ ಪೆಟ್ಟಿಗೆ ತೆಗೆದು, ಅದೇ ಐಪಿ ವಿಳಾಸಕ್ಕೆ ಬೇರೆ ಪೆಟ್ಟಿಗೆ ಇಟ್ಟು ಎಸ್‌ಎಸ್‌ಎಚ್ ಮಾಡಿದೆ. ಒಳಗೆ ಹೋದೆ. ಕೆಲಸ ಮುಗಿಸಿದೆ. ಎದ್ದು ಬಾಗಿಲವರೆಗೆ ಹೋದ ಮೇಲೆ ಹೊಳೆಯಿತು: 'ಈ ಯಂತ್ರದ ಗುರುತು ಬದಲಾಗಿದೆ, ಹುಷಾರ್' ಅಂತ ಅದು ಕೂಗಬೇಕಿತ್ತಲ್ಲ? ಕೂಗಲೇ ಇಲ್ಲ.

ಎರಡು ಪೆಟ್ಟಿಗೆಯ ಆ ಗುರುತು, ಅಂದರೆ ಫಿಂಗರ್‌ಪ್ರಿಂಟ್ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದೇ. ಮೂರನೆಯದು ನೋಡಿದೆ. ಅದೂ ಅದೇ. ಆ ಒಂದು ಪರೀಕ್ಷೆಯ ಬೂಟ್‌ನಲ್ಲಿ ಎಸ್‌ಎಸ್‌ಎಚ್ ತನ್ನ ಹೋಸ್ಟ್ ಕೀ (ಯಂತ್ರದ ಗುರುತು ಹೇಳುವ ಗುಟ್ಟಿನ ಸಂಖ್ಯೆ) ಮಾಡಿಕೊಂಡಿತ್ತು, ಸಿಸ್ಟಂ ತನ್ನ ಸೀಡ್ ಫೈಲ್ ಬರೆದುಕೊಂಡಿತ್ತು. ನಾನು ಎರಡನ್ನೂ ನಲವತ್ತು ಮನೆಗೆ ಹಂಚಿದ್ದೆ. ಒಂದು ಪೆಟ್ಟಿಗೆ ಕದ್ದವನು ನಲವತ್ತರ ವೇಷವನ್ನೂ ಹಾಕಬಹುದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಸೀಡ್ ಫೈಲ್ ಅನ್ನುವುದು ಒಳ್ಳೆಯ ಉಪಾಯವೇ. ಬಂದ ಬೆಳೆಯಲ್ಲಿ ಬಿತ್ತನೆಗೆ ಅಂತ ಒಂದಿಷ್ಟು ಎತ್ತಿಡುವ ಹಾಗೆ. ಯಂತ್ರ ಓಡುತ್ತಿರುವಾಗ ಪೂಲ್ ತುಂಬಿರುತ್ತದೆ, ಅದರಿಂದ ಒಂದಿಷ್ಟು ಬೈಟ್ ತೆಗೆದು ಡಿಸ್ಕಿನಲ್ಲಿ ಇಡುತ್ತೀರಿ, ಮುಂದಿನ ಸಲ ಎದ್ದಾಗ ಮೊದಲು ಅದನ್ನು ಸುರಿಯುತ್ತೀರಿ. ಆದರೆ ಅದು ಒಂದು ಯಂತ್ರಕ್ಕೆ, ಒಂದೇ ಸಲಕ್ಕೆ. ಅದಕ್ಕೇ ಸರಿಯಾಗಿ ಬರೆದ ಸಿಸ್ಟಂಗಳು ಆಫ್ ಮಾಡುವಾಗ ಮಾತ್ರವಲ್ಲ, ಬೂಟ್ ಆಗುವಾಗಲೂ ಹಳೆಯದನ್ನು ಓದಿದ ಮೇಲೆ ಹೊಸತನ್ನು ಬರೆದಿಡುತ್ತವೆ. ಇಲ್ಲದಿದ್ದರೆ ಮಧ್ಯೆ ಕರೆಂಟ್ ಹೋದಾಗ ಏನಾಗುತ್ತದೆ ಯೋಚಿಸಿ. ಒಮ್ಮೆ ಬಳಸಿದ ಸೀಡೇ ಮುಂದಿನ ಬೂಟ್‌ಗೆ ಮತ್ತೆ ಬಳಕೆಯಾಗುತ್ತದೆ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ಸಿಸ್ಟಂಡಿ, ಫೈಲನ್ನು ಕಲೆಸುತ್ತದೆಯೇ ಹೊರತು ತಾನಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನಂಥವರು ನಕಲು ಹೊಡೆದಿರಬಹುದು ಅನ್ನುವ ಅನುಮಾನ ಅದಕ್ಕೆ. ನ್ಯಾಯವಾದ ಅನುಮಾನ.

ಲಿನಕ್ಸ್‌ನಂಥದೇ ಇನ್ನೊಂದು ಸಿಸ್ಟಂ ಆದ ಓಪನ್‌ಬಿಎಸ್‌ಡಿಯವರ ಕ್ರಮ ನನಗೆ ಇನ್ನೂ ಹಿಡಿಸುತ್ತದೆ. ಅಲ್ಲಿ ಕರ್ನೆಲನ್ನು ಎಬ್ಬಿಸುವ ಬೂಟ್‌ಲೋಡರೇ ಸೀಡ್ ಫೈಲ್ ಓದಿ ಕರ್ನೆಲ್ ಕೈಗೆ ಕೊಡುತ್ತದೆ. ಕರ್ನೆಲ್ ಕಣ್ಣು ಬಿಡುವಾಗಲೇ ಕೈಯಲ್ಲಿ ಸೀಡ್ ಇರುತ್ತದೆ. ಫೈಲ್ ಸಿಸ್ಟಂ ಮೌಂಟ್ ಆದ ಮೇಲೆ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ.

'ಫಿಂಗರ್‌ಪ್ರಿಂಟ್ ಒಂದೇ ಆಗದಂತೆ ಮೊದಲ ಬೂಟ್‌ನಲ್ಲೇ ಹೊಸ ಕೀ ಮಾಡಿಸುತ್ತೇವೆ' ಅಂತಲೂ ಬರೆದಿದ್ದೀರಿ. ಅರ್ಧ ಸರಿ. ಹೊಸ ಪೆಟ್ಟಿಗೆ, ಖಾಲಿ ಪೂಲ್, ಅದೇ ಗಳಿಗೆಯಲ್ಲಿ ಬದುಕಿಡೀ ಉಳಿಯುವ ಕೀ. ಇದಕ್ಕಿಂತ ಕೆಟ್ಟ ಮುಹೂರ್ತ ಬೇರೆ ಇಲ್ಲ. 2012ರಲ್ಲಿ ಸಂಶೋಧಕಿ ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು ಇಡೀ ಇಂಟರ್ನೆಟ್ ಜಾಲಾಡಿ, ಸಿಕ್ಕ ಸಾರ್ವಜನಿಕ ಕೀಗಳನ್ನೆಲ್ಲ ಒಂದರ ಜೊತೆ ಒಂದು ಹೋಲಿಸಿ ನೋಡಿದರು. ಟಿಎಲ್‌ಎಸ್ (ವೆಬ್ ಸಂಪರ್ಕವನ್ನು ಗುಟ್ಟಾಗಿಡುವ ಕ್ರಮ) ಬಳಸುವ ಯಂತ್ರಗಳಲ್ಲಿ ಶೇ. 0.50ರಷ್ಟರ ಗುಟ್ಟಿನ ಆರ್‌ಎಸ್‌ಎ ಕೀ ಅವರ ಕೈಗೆ ಸಿಕ್ಕಿತು. ಹೆಚ್ಚಿನವು ರೂಟರ್, ಫೈರ್‌ವಾಲ್‌ನಂಥ ಪೆಟ್ಟಿಗೆಗಳೇ.

ಹೇಗೆ ಸಿಕ್ಕಿತು ಅನ್ನುವುದನ್ನು ಪೆನ್ನು ಹಿಡಿದು ನೋಡಿ, ಎರಡು ನಿಮಿಷದ ಕೆಲಸ. ಆರ್‌ಎಸ್‌ಎ ಕೀ ಮಾಡುವಾಗ ಎರಡು ಅವಿಭಾಜ್ಯ ಸಂಖ್ಯೆ ಆರಿಸಿ ಗುಣಿಸುತ್ತಾರೆ. ಗುಣಲಬ್ಧ ಎಲ್ಲರಿಗೂ ಕಾಣುತ್ತದೆ, ಆರಿಸಿದ ಎರಡು ಸಂಖ್ಯೆ ಗುಟ್ಟು. ಎರಡು ಪೆಟ್ಟಿಗೆ ಒಂದೇ ಸ್ಥಿತಿಯಲ್ಲಿ ಎದ್ದವು ಅನ್ನಿ. ಎರಡೂ ಮೊದಲು ಆರಿಸಿದ್ದು 101. ಅಷ್ಟರಲ್ಲಿ ಒಂದರ ಗಡಿಯಾರ ಒಂದು ಸೆಕೆಂಡ್ ಮುಂದೆ ಹೋಯಿತು, ಆ ಸಮಯವೂ ಪೂಲ್‌ಗೆ ಸೇರಿತು, ದಾರಿ ಬೇರೆಯಾಯಿತು. ಹಾಗಾಗಿ ಒಂದು 113 ಆರಿಸಿತು, ಇನ್ನೊಂದು 127. ಹೊರಗೆ ಕಾಣುವುದು 11413 ಮತ್ತು 12827. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಈಗ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಿರಿ: 1414. ಇನ್ನು 11413ನ್ನು 1414ರಿಂದ ಭಾಗಿಸಿ. ಎಂಟು ಸಲ ಹೋಗುತ್ತದೆ, ಶೇಷ 101. 1414ನ್ನು 101ರಿಂದ ಭಾಗಿಸಿ. ಹದಿನಾಲ್ಕು ಸಲ, ಶೇಷ ಸೊನ್ನೆ. ಮುಗಿಯಿತು, 101 ಕೈಗೆ ಬಂತು, ಎರಡೂ ಕೀ ಒಡೆದವು. ಶಾಲೆಯಲ್ಲಿ ಕಲಿತ ಮಸಾಅ ಲೆಕ್ಕ, ಇನ್ನೇನೂ ಇಲ್ಲ. ನಿಜವಾದ ಕೀಯಲ್ಲಿ ನೂರಾರು ಅಂಕೆ ಇದ್ದರೂ ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಒಂದೇ ಕೀಯನ್ನು ಒಡೆಯಲು ಯಾರಿಂದಲೂ ಆಗದು. ಎರಡು ಸಿಕ್ಕರೆ, ಅವು ಒಂದು ಸಂಖ್ಯೆ ಹಂಚಿಕೊಂಡಿದ್ದರೆ, ಮಕ್ಕಳ ಆಟ.

ಹಾಗಾದರೆ ಏನು ಮಾಡಬೇಕು ಅಂದರೆ: ನಕಲು ಹೊಡೆಯುವ ಮೊದಲು ಇಮೇಜ್‌ನಿಂದ ಹೋಸ್ಟ್ ಕೀ, ಮೆಷೀನ್ ಐಡಿ, ಸೀಡ್ ಫೈಲ್ ಮೂರನ್ನೂ ಅಳಿಸಿ. ಕಾರ್ಡಿಗೆ ಬರೆಯುವ ನಿಮ್ಮ ದೊಡ್ಡ ಕಂಪ್ಯೂಟರಿನ ಪೂಲ್ ತುಂಬಿಯೇ ಇದೆ. ಪ್ರತಿ ಕಾರ್ಡ್ ಬರೆದ ಮೇಲೆ ಅಲ್ಲಿಂದಲೇ ಬೇರೆ ಬೇರೆ 32 ಬೈಟ್ ತೆಗೆದು ಆ ಕಾರ್ಡಿನ ಸೀಡ್ ಫೈಲಿಗೆ ಹಾಕಿ. ಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲು. ಇಷ್ಟು ಮಾಡಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿ ಅಂತ ಕರ್ನೆಲ್‌ಗೆ ಹೇಳಬಹುದು. ಕೀ ಮಾಡುವ ಪ್ರೋಗ್ರಾಂ ಗೆಟ್‌ರ‍್ಯಾಂಡಮ್ ಕರೆಯನ್ನೇ ಬಳಸಲಿ. 2014ರಲ್ಲಿ ಲಿನಕ್ಸ್ 3.17ಕ್ಕೆ ಬಂದ ಕರೆ ಅದು. ಜನರೇಟರ್ ಸಿದ್ಧವಾಗುವವರೆಗೆ ಕಾಯುತ್ತದೆ, ಆಮೇಲೆ ಕಾಯುವುದಿಲ್ಲ. ಕಾಯುತ್ತದೆ ಅಂತ ಬೈಯಬೇಡಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಪ್ರೋಗ್ರಾಂನಲ್ಲಿ ಸೀಡ್‌ಗೆ ಈಗಿನ ಸಮಯ ಕೊಟ್ಟರೆ ಸಾಕು ಅಂತ ಕಲಿಸಿದ್ದಾರೆ. ಸಮಯ ಪ್ರತಿ ಸಲ ಬೇರೆ ಇರುತ್ತದಲ್ಲ? ಮತ್ತೆ ಇಷ್ಟೆಲ್ಲ ತಲೆನೋವು ಯಾಕೆ?

ಉತ್ತರ: ದಾಳ ಉರುಳಿಸುವ ಆಟ ಬರೆಯುತ್ತಿದ್ದರೆ ಸಾಕು. ನಿಮ್ಮ ಮೇಷ್ಟ್ರು ತಪ್ಪು ಹೇಳಿಲ್ಲ. ಆದರೆ 'ಬೇರೆ ಇರುವುದು' ಬೇರೆ, 'ಊಹೆಗೆ ಸಿಗದಿರುವುದು' ಬೇರೆ. ಒಂದು ವರ್ಷದಲ್ಲಿ 3 ಕೋಟಿ 15 ಲಕ್ಷ ಚಿಲ್ಲರೆ ಸೆಕೆಂಡ್ ಇವೆ. ನಮಗೆ ಅದು ಬಹಳ. ಕಂಪ್ಯೂಟರ್ ಅಷ್ಟನ್ನೂ ಒಂದೊಂದಾಗಿ ಪ್ರಯತ್ನಿಸಿ ನೋಡಲು ಎಷ್ಟು ಹೊತ್ತೂ ಹಿಡಿಯುವುದಿಲ್ಲ. ನೀವು ಪ್ರೋಗ್ರಾಂ ಓಡಿಸಿದ್ದು ಯಾವ ದಿನ ಅಂತ ಗೊತ್ತಾದರೆ ಉಳಿಯುವುದು 86,400 ಮಾತ್ರ.

ದೊಡ್ಡವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ತನ್ನ ಗುಟ್ಟಿನ ಕೀಗೆ ಸಮಯ ಮತ್ತು ಎರಡು ಪ್ರೋಸೆಸ್ ನಂಬರ್ (ಓಡುವ ಪ್ರತಿ ಪ್ರೋಗ್ರಾಂಗೆ ಸಿಸ್ಟಂ ಕೊಡುವ ಸಂಖ್ಯೆ) ಅಷ್ಟನ್ನೇ ಸೀಡ್ ಮಾಡುತ್ತಿತ್ತು. ಇಯನ್ ಗೋಲ್ಡ್‌ಬರ್ಗ್, ಡೇವಿಡ್ ವ್ಯಾಗ್ನರ್ ಅನ್ನುವ ಇಬ್ಬರು ವಿದ್ಯಾರ್ಥಿಗಳು ಅದನ್ನು ಬಯಲಿಗೆಳೆದರು. ವಿದ್ಯಾರ್ಥಿಗಳು ಅನ್ನುವುದನ್ನು ಗಮನಿಸಿ, ನಿಮಗೂ ಕೆಲಸ ಉಂಟು.

ಅದಕ್ಕಿಂತ ನೋವಿನದು ಡೆಬಿಯನ್ ಅನ್ನುವ ಲಿನಕ್ಸ್ ಬಗೆಯದು. 2006ರಲ್ಲಿ ಕೀ ಮಾಡಿಕೊಡುವ ಓಪನ್‌ಎಸ್‌ಎಸ್‌ಎಲ್ ಕೋಡ್‌ನಲ್ಲಿ ಮೆಮೊರಿ ಪರೀಕ್ಷಿಸುವ ಉಪಕರಣ ಒಂದು ಎಚ್ಚರಿಕೆ ಕೊಡುತ್ತಿತ್ತು. ಎಚ್ಚರಿಕೆ ಹೋಗಲಿ ಅಂತ ಸಾಲು ತೆಗೆದರು. ಆ ಸಾಲೇ ಸೀಡನ್ನು ಪೂಲ್‌ಗೆ ಕಲೆಸುತ್ತಿದ್ದದ್ದು! ಪ್ರೋಸೆಸ್ ನಂಬರ್ ಒಂದೇ ಉಳಿಯಿತು. ಅದು ಹೋಗುವುದು 32,768ರವರೆಗೆ. ಅಂದರೆ ಒಂದೊಂದು ಬಗೆಯ ಕೀಗೆ ಅಷ್ಟೇ ಸಾಧ್ಯತೆ. 2008ರ ಮೇ ತಿಂಗಳಲ್ಲಿ ಗೊತ್ತಾಗುವವರೆಗೆ ಸುಮಾರು ಎರಡು ವರ್ಷ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕೀಗಳು ಕೀಗಳ ಹಾಗೇ ಕಾಣುತ್ತಿದ್ದವು. ಈ ಥರದ ತಪ್ಪಿನ ಗುಣವೇ ಅದು, ಹೊರಗಿನಿಂದ ನೋಡಿದರೆ ಏನೂ ಕೆಟ್ಟಿರುವುದಿಲ್ಲ. ಕೆಟ್ಟ ಸೀಡ್‌ನಿಂದ ಬಂದ ಸಂಖ್ಯೆಗಳಿಗೂ ಅಂಕಿಅಂಶದ ಯಾವ ಪರೀಕ್ಷೆ ಇಟ್ಟರೂ ಪಾಸಾಗುತ್ತವೆ.

ಪ್ರಶ್ನೆ: ನಮ್ಮ ಸರ್ವರ್‌ನಲ್ಲಿ ಎಂಟ್ರೋಪಿ ಅವೇಲ್ (ಪೂಲ್‌ನಲ್ಲಿ ಎಷ್ಟಿದೆ ಅಂತ ಕರ್ನೆಲ್ ತೋರಿಸುವ ಅಂಕಿ) ಯಾವಾಗ ನೋಡಿದರೂ 256 ತೋರಿಸುತ್ತದೆ. ಮುಂಚೆ ಮೂರು ನಾಲ್ಕು ಸಾವಿರ ಇರುತ್ತಿತ್ತು. ನಮ್ಮ ಬಾಸ್ ಎಂಟ್ರೋಪಿ ಖಾಲಿಯಾಗುತ್ತಿದೆ ಅನ್ನುತ್ತಾರೆ.

ಉತ್ತರ: ಖಾಲಿಯಾಗಿಲ್ಲ. 256 ಅಂದರೆ ತುಂಬಿದೆ ಅಂತಲೇ ಅರ್ಥ. 2022ರ ಹೊತ್ತಿಗೆ ಕರ್ನೆಲ್ ಡೆವಲಪರ್ ಜೇಸನ್ ಡೊನೆನ್‌ಫೆಲ್ಡ್ ಆ ಭಾಗವನ್ನು ಹೊಸದಾಗಿ ಬರೆದಾಗ ಪೂಲ್ ಅಳತೆ ಬದಲಾಯಿತು. ಬಳಸಿದಷ್ಟೂ ಕಮ್ಮಿಯಾಗುವ ಟ್ಯಾಂಕ್ ಇದ್ದ ಹಾಗೆ ಅನ್ನುವುದು ಹಳೇ ಕಲ್ಪನೆ. ಒಮ್ಮೆ ಸರಿಯಾಗಿ 256 ಬಿಟ್ ಗುಟ್ಟು ಸಿಕ್ಕರೆ ಅದರಿಂದ ಬೇಕಾದಷ್ಟು ಸಂಖ್ಯೆ ತೆಗೆಯಬಹುದು. 2020ರ ಕರ್ನೆಲ್ 5.6ರಿಂದ ಜನರೇಟರಿನ ಇನ್ನೊಂದು ಬಾಗಿಲಾದ ಡೆವ್ ರ‍್ಯಾಂಡಮ್ ಕೂಡ ಶುರುವಿನಲ್ಲಿ ಬಿಟ್ಟರೆ ಮತ್ತೆಲ್ಲೂ ಕಾಯಿಸುವುದಿಲ್ಲ. ಬಾಸ್‌ಗೆ ಹೇಳುವುದು ಹೇಗೆ ಅನ್ನುವುದು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಶ್ನೆ: ಈಗಿನ ಪ್ರೊಸೆಸರ್ ಒಳಗೇ ರ‍್ಯಾಂಡಮ್ ಕೊಡುವ ಆರ್‌ಡಿರ‍್ಯಾಂಡ್ ಇದೆಯಲ್ಲ, ಅದೊಂದೇ ಸಾಲದೇ? ಇನ್ನೊಂದು, ವರ್ಚುವಲ್ ಮೆಷೀನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ನಡೆಸುವ ಇನ್ನೊಂದು ಕಂಪ್ಯೂಟರ್) ಸ್ನ್ಯಾಪ್‌ಶಾಟ್‌ನಿಂದ ವಾಪಸ್ ತಂದರೆ ಏನಾದರೂ ತೊಂದರೆ ಉಂಟಾ?

ಉತ್ತರ: ಮೊದಲನೆಯದಕ್ಕೆ: ಇದ್ದರೆ ಖಂಡಿತ ಬಳಸಿ, ಒಂದನ್ನೇ ನಂಬಬೇಡಿ. 2019ರಲ್ಲಿ ಬಂದ ಎಎಂಡಿ ರೈಜೆನ್ 3000 ಪ್ರೊಸೆಸರ್‌ಗಳಲ್ಲಿ ಶುರುವಿಗೆ ಈ ಆರ್‌ಡಿರ‍್ಯಾಂಡ್ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿತ್ತು, ಎಲ್ಲ ಬಿಟ್‌ಗಳೂ 1. ಬಯಾಸ್ ಅಪ್‌ಡೇಟ್ ಬಂದು ಸರಿಹೋಯಿತು. ಕರ್ನೆಲ್ ಇದನ್ನು ಬೇರೆ ಮೂಲಗಳ ಜೊತೆ ಕಲೆಸುವುದು ಅದಕ್ಕೇ. ಹತ್ತರಲ್ಲಿ ಒಂಬತ್ತು ಕೈಕೊಟ್ಟರೂ ಒಂದು ಸರಿಯಿದ್ದರೆ ಸಾಕು, ಕಲೆಸುವುದರಿಂದ ಕೆಡುವುದಿಲ್ಲ.

ಸ್ನ್ಯಾಪ್‌ಶಾಟ್ ತೊಂದರೆ ನಿಜ. ಅದರಲ್ಲಿ ಮೆಮೊರಿ ಇದ್ದಹಾಗೇ ಉಳಿದಿರುತ್ತದೆ, ಜನರೇಟರಿನ ಒಳಸ್ಥಿತಿಯೂ ಅದರಲ್ಲೇ ಇದೆ. ಒಂದೇ ಸ್ನ್ಯಾಪ್‌ಶಾಟ್‌ನಿಂದ ಎರಡು ಯಂತ್ರ ಎಬ್ಬಿಸಿದರೆ ಎರಡೂ ಸ್ವಲ್ಪ ಹೊತ್ತು ಒಂದೇ ಸಂಖ್ಯೆ ಕೊಡಬಹುದು. ಎರಡಕ್ಕೂ ತಾವು ಈಗಷ್ಟೇ ಎದ್ದವರು ಅಂತ ಗೊತ್ತೇ ಇರುವುದಿಲ್ಲ. ಲಿನಕ್ಸ್ 5.18ರಿಂದ ವಿಎಂಜೆನ್ಐಡಿ ಡ್ರೈವರ್ ಇದೆ. ವರ್ಚುವಲ್ ಮೆಷೀನ್ ಓಡಿಸುವ ಹೈಪರ್‌ವೈಸರ್ 16 ಬೈಟ್‌ನ ಒಂದು ಗುರುತು ಕೊಟ್ಟಿರುತ್ತದೆ, ವಾಪಸ್ ತಂದಾಗ ಅದನ್ನು ಬದಲಿಸುತ್ತದೆ. ಬದಲಾದದ್ದು ಕಂಡ ಕೂಡಲೇ ಕರ್ನೆಲ್ ಹೊಸ ಸೀಡ್ ಹಾಕಿಕೊಳ್ಳುತ್ತದೆ. ನಿಮ್ಮ ಹೈಪರ್‌ವೈಸರ್ ಇದನ್ನು ಕೊಡುತ್ತದೆಯಾ ನೋಡಿ. ಹೊರಗಿನ ಯಂತ್ರದಿಂದ ರ‍್ಯಾಂಡಮ್ ತಂದುಕೊಡುವ ವರ್ಟಯೋ ಆರ್‌ಎನ್‌ಜಿ ಸಾಧನವನ್ನೂ ಸೇರಿಸಿ. ಆದರೆ ಕರ್ನೆಲನ್ನು ಕೇಳದೆ ತನ್ನದೇ ಜನರೇಟರ್ ಇಟ್ಟುಕೊಂಡ ಪ್ರೋಗ್ರಾಂ ಇದ್ದರೆ ಅದಕ್ಕೆ ಈ ಸುದ್ದಿ ತಲುಪುವುದಿಲ್ಲ. ಅಂಥದ್ದನ್ನು ವಾಪಸ್ ತಂದ ಮೇಲೆ ನೀವೇ ರೀಸ್ಟಾರ್ಟ್ ಮಾಡಬೇಕು.